ಊರು ಕ್ಷಮಿಸಿದ ಕುಡುಕ

ದ್ವೀಪದಲ್ಲಿ ಇದ್ದದ್ದು ಒಂದೇ ಬೇಕರಿ. ಅದನ್ನು ನಡೆಸುತ್ತಿದ್ದವಳನ್ನು ಊರೆಲ್ಲ ಬನ್ನಕ್ಕ ಅಂತ ಕರೆಯುತ್ತಿತ್ತು. ಅದು ಎದುರಿಗೆ. ಬೆನ್ನ ಹಿಂದೆ ಅವಳು ಕುಡುಕನ ಹೆಂಡತಿ.

ಅವಳ ಗಂಡ ಲಾಂಚು ಓಡಿಸುತ್ತಿದ್ದ. ಸೇತುವೆ ಇಲ್ಲದ ಕಾಲ. ಅಕ್ಕಿ, ಔಷಧಿ, ಬಸುರಿಯರು, ಹೆಣ, ಎಲ್ಲ ಅದರಲ್ಲೇ ದಾಟಬೇಕು. ಲಾಂಚಿನ ಮಾಲೀಕ ಅವನ ಸ್ವಂತ ಅಣ್ಣ. ಮೀನಿನ ಫ್ಯಾಕ್ಟರಿಯೂ ಅಣ್ಣನದೇ, ಊರಿನ ಅರ್ಧಕ್ಕರ್ಧ ಜನ ಅಲ್ಲೇ ಕೆಲಸಕ್ಕಿದ್ದರು. ಗಾಳಿ ಕೆರಳಿದ್ದ ಒಂದು ಮಧ್ಯಾಹ್ನ, ತಮ್ಮ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದಾಗ, ಅಣ್ಣ ಒಳಗೆ ನುಗ್ಗಿದ.

"ಸಂತೆಗೆ ಹೋದ ನಮ್ಮ ಕೆಲಸದವರು ಆಚೆ ದಡದಲ್ಲಿ ಕಾಯ್ತಾ ಕೂತಿದಾರೆ, ಇಲ್ಲಿ ಮೀನು ಕೊಳೀತಿದೆ. ಈಗ್ಲೇ ಹೋಗಿ ಕರ್ಕೊಂಡು ಬಾ."

"ಅಣ್ಣಾ, ಇವತ್ತು ಸಮುದ್ರ ಸರಿಯಿಲ್ಲ. ನಾಳೆ ಬೆಳಿಗ್ಗೆ ಹೋಗ್ತೀನಿ."

"ಹೆಂಡ್ತಿ ಸೆರಗು ಹಿಡ್ಕೊಂಡು ಕೂತೋನಿಗೆ ಸಮುದ್ರ ಯಾವತ್ತೂ ಸರಿಯಿರಲ್ಲ ಬಿಡು."

ಗಂಡ ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದ. ವಾಪಸು ಬರುವಾಗ ಲಾಂಚು ಬಂಡೆಗೆ ಬಡಿದು ಮಗುಚಿತು. ಒಬ್ಬರೂ ಉಳಿಯಲಿಲ್ಲ.

ಹೆಣಗಳು ದಡ ಸೇರುವ ಮೊದಲೇ ಅಣ್ಣ ಸುದ್ದಿ ಹಬ್ಬಿಸಿದ್ದ: ತಮ್ಮ ಕುಡಿದಿದ್ದನಂತೆ. ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ! ಬನ್ನಕ್ಕ ಬೀದಿಗೆ ಓಡಲು ಹೊರಟಾಗ ಅತ್ತೆ ಅವಳ ಕಾಲು ಹಿಡಿದಳು. "ಒಬ್ಬ ಹೋದ. ಇನ್ನೊಬ್ಬನನ್ನ ಜೈಲಿಗೆ ಕಳಿಸ್ಬೇಡ ಕಣೇ. ನಾನು ಕಣ್ಣು ಮುಚ್ಚೋವರೆಗಾದ್ರೂ ಬಾಯಿ ಮುಚ್ಕೊಂಡಿರು."

ಅವಳು ಹೂಂ ಅಂದಳು. ಅತ್ತೆಯದು ಗಟ್ಟಿ ಜೀವ. ಬನ್ನಕ್ಕನ ತಲೆ ಪೂರ್ತಿ ನರೆತ ಮೇಲೇ ಆಕೆ ಹೋದದ್ದು.

ಅಷ್ಟರಲ್ಲಿ ಸೇತುವೆ ಬಂದಿತ್ತು, ಅದರ ಹಿಂದೆಯೇ ಪ್ರವಾಸಿಗರು. ಊರಿಗೆ ಇದ್ದಕ್ಕಿದ್ದಂತೆ ತನ್ನ ಇತಿಹಾಸ ನೆನಪಾಯಿತು. ಹಳೆಯ ಟಿಕೆಟ್ ಕೋಣೆಗೆ ಸುಣ್ಣ ಬಳಿದು ಮ್ಯೂಸಿಯಂ ಮಾಡಿದರು. ಅದರ ಮುಂದೆ, ಮುಳುಗಿ ಸತ್ತವರ ಹೆಸರು ಕೆತ್ತಿದ ಕಲ್ಲು ನಿಲ್ಲಿಸುವುದೆಂದಾಯಿತು. ಸಮಿತಿಗೆ ಗಂಡನ ಅಣ್ಣ, ಅವಳ ಭಾವನೇ ಅಧ್ಯಕ್ಷ. ಸಭೆಯಲ್ಲಿ ಹೆಸರುಗಳನ್ನು ಓದಿದರು. ಲಾಂಚು ಓಡಿಸಿದವನ ಹೆಸರು ಬರಲಿಲ್ಲ.

ಬನ್ನಕ್ಕ ಎದ್ದು ನಿಂತಳು. ಕೈಗೆ ಮೆತ್ತಿದ ಮೈದಾ ಕೂಡ ತೊಳೆದಿರಲಿಲ್ಲ. ಆವತ್ತು ಬೇಕರಿಯಲ್ಲಿ ನಡೆದ ಮಾತನ್ನೆಲ್ಲ ಬಿಡದೆ ಹೇಳಿದಳು. ಸಭೆ ಹೌಹಾರುತ್ತದೆ ಅಂದುಕೊಂಡಿದ್ದಳು. ಯಾರೂ ಮಿಸುಕಲಿಲ್ಲ. ಕೊನೆಗೆ, ಅದೇ ಲಾಂಚಿನಲ್ಲಿ ಮಗಳನ್ನು ಕಳೆದುಕೊಂಡಿದ್ದ ಬಲೆ ಹೆಣೆಯುವ ಮುದುಕ ನೆಲ ನೋಡುತ್ತಾ ಅಂದ:

"ನಿನ್ನ ಗಂಡ ಕುಡಿಯೋನಲ್ಲ ಅಂತ ಎಲ್ರಿಗೂ ಗೊತ್ತಿತ್ತು ಕಣಮ್ಮ. ಕಳಿಸಿದ್ಯಾರು ಅಂತಾನೂ ಗೊತ್ತಿತ್ತು. ಫ್ಯಾಕ್ಟರಿ ಮುಚ್ಚಿದ್ರೆ ಒಲೆ ಹಚ್ಚೋದು ಹೇಗೆ, ಹೇಳು?"

ಬನ್ನಕ್ಕ ಇಷ್ಟು ವರ್ಷ ಒಂದು ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಬೆಂದಿದ್ದಳು. ಅದು ಗುಟ್ಟೇ ಆಗಿರಲಿಲ್ಲ.

ಭಾವ ಕನ್ನಡಕ ತೆಗೆದು ಒರೆಸಿಕೊಂಡ. "ಪಾಪ, ಅವಳ ಸಂಕಟ ಅವಳಿಗೆ. ತಮ್ಮ ತಪ್ಪು ಮಾಡಿದ, ನಿಜ. ಆದ್ರೂ ನನ್ನ ಒಡಹುಟ್ಟಿದೋನು. ಎಲ್ಲರೂ ಅವನನ್ನ ಕ್ಷಮಿಸಿಬಿಡೋಣ. ಕೊನೇಲಿ ಅವನ ಹೆಸರೂ ಇರಲಿ."

ಜನ ಚಪ್ಪಾಳೆ ತಟ್ಟಿದರು. ಬಲೆಯ ಮುದುಕನೂ ತಟ್ಟಿದ.

"ಕ್ಷಮೆ ಯಾರು ಕೇಳಿದ್ರು? ಬೇಡ, ಹಾಕ್ಬೇಡಿ!" ಅಂದಳು ಬನ್ನಕ್ಕ. ಆ ಗದ್ದಲದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೆಸರು ಹಾಕಿದರು. ಈಗ ಗೈಡ್ ಪ್ರವಾಸಿಗರಿಗೆ ಮೊದಲು ತೋರಿಸುವುದೇ ಅದನ್ನು: ಇಷ್ಟು ಜನರನ್ನು ಕೊಂದ ಕುಡುಕನನ್ನೂ ಕ್ಷಮಿಸಿದ ಊರು ನಮ್ಮದು ಸಾರ್. ಕೇಳಿದವರ ಕಣ್ಣು ತುಂಬುತ್ತದೆ. ಫೋಟೊ ತೆಗೆದುಕೊಂಡು, ಹಸಿವಾಗಿ, ನೇರ ಬೇಕರಿಗೆ ಬರುತ್ತಾರೆ.

ಬನ್ನಕ್ಕ ಅವರಿಗೂ ಕೊಡುತ್ತಾಳೆ, ಊರವರಿಗೂ ಕೊಡುತ್ತಾಳೆ. ಭಾವನ ಮನೆಯ ಆಳು ಬಂದಾಗ ಮಾತ್ರ, ಬಿಸಿ ಬನ್ನು ತುಂಬಿದ ಟ್ರೇ ಮುಂದಿಟ್ಟುಕೊಂಡೇ "ಖಾಲಿ" ಅನ್ನುತ್ತಾಳೆ. ಅವನು ಟ್ರೇ ನೋಡುತ್ತಾನೆ, ಅವಳ ಮುಖ ನೋಡುತ್ತಾನೆ. "ಸರಿ ಅಕ್ಕ" ಅಂತ ಹೊರಟುಹೋಗುತ್ತಾನೆ.