ಉಲ್ಟಾ ಕೂತ ಗಾಜು

“ಕೆಡಿಸಿಬಿಟ್ಟಿದ್ದೀರಿ,” ಎಂದು ಮೊಮೊಸೆ ಕಿನುಯೊ ಲೆನ್ಸನ್ನು ಮೇಜಿನ ಮೇಲಿಟ್ಟಳು.

ಓಗುಚಿ ತತ್ಸುಜೊ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯಲಿಲ್ಲ. ಒಕಾಯ ಊರಿನಲ್ಲಿ ನಲವತ್ತೊಂದು ವರ್ಷದಿಂದ ಕ್ಯಾಮೆರಾ ರಿಪೇರಿ ಮಾಡುತ್ತಿದ್ದ ಅವನಿಗೆ ಈ ಮಾತನ್ನು ಮುಖಕ್ಕೆ ಹೇಳಿದವರು ಒಬ್ಬರೂ ಇರಲಿಲ್ಲ. ಹೇಳಬೇಕೆನಿಸಿದವರು ಇದ್ದರೇನೋ, ಅವನ ಬಾಯಿಗೆ ಹೆದರಿ ನುಂಗಿಕೊಂಡು ಹೋಗಿರಬೇಕು. ಬೇರೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿದ್ದರೆ ಇವರಿಗೆ ಮೂಗೇ ಸಿಟ್ಟಿನದು ಎಂದು ಹೆಂಡತಿ ಫುಸಾಯೆ ಅಕ್ಕಪಕ್ಕದವರ ಹತ್ತಿರ ಹೇಳುವುದಿತ್ತು.

“ಏನು ಕೆಟ್ಟಿದೆ?”

“ಎಲ್ಲ.”

“ಎಲ್ಲ ಅಂದ್ರೆ? ಬೂಷ್ಟು ಹಿಡಿದಿತ್ತು, ತೆಗೆದಿದ್ದೀನಿ. ನೋಡಿಯಮ್ಮಾ, ಕಣ್ಣು ಮಂಜಾಗಿದ್ರೆ ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು. ನನ್ನ ಹತ್ರ ಅಲ್ಲ.”

ಕಿನುಯೊ ಅರವತ್ತೈದು ದಾಟಿದ, ಸಣ್ಣ ಆಳಿನ ಹೆಂಗಸು. ದನಿ ಏರಿಸಲಿಲ್ಲ. ಚೀಲದಿಂದ ಎರಡು ಫೋಟೋ ತೆಗೆದು ಅಕ್ಕಪಕ್ಕ ಇಟ್ಟಳು. ಮೊದಲನೆಯದರಲ್ಲಿ ಗುಡಿಯ ಅಂಗಳ, ಕೆಂಪು ಕಿಮೋನೊ ಉಟ್ಟ ಮೂರು ವರ್ಷದ ಹುಡುಗಿ. ಹಿಂದಿದ್ದ ಗಿಂಕೊ ಮರದ ಹಳದಿ ಎಲೆಗಳೆಲ್ಲ ಮಸುಕಾಗಿ, ದುಂಡುದುಂಡಾಗಿ, ಬಕೆಟ್ಟಿನಲ್ಲಿ ಕೈಯಾಡಿಸಿದಾಗ ನೀರು ಸುತ್ತುವ ಹಾಗೆ ಮಗುವಿನ ಸುತ್ತ ಸುತ್ತುತ್ತಿದ್ದವು. ಎರಡನೆಯದು ಹೋದ ಭಾನುವಾರದ್ದು. ಅದೇ ಮರ, ಹುಡುಗಿಯ ಜಾಗದಲ್ಲಿ ಕಲ್ಲಿನ ದೀಪಕಂಬ. ಅದರ ಹಿನ್ನೆಲೆಯೂ ಮಸುಕೇ, ಆದರೆ ನಯವಾಗಿ ಒರೆಸಿಟ್ಟ ಮಸುಕು. ಒಂದು ಎಲೆಯೂ ಸುತ್ತುತ್ತಿರಲಿಲ್ಲ.

“ಮೊಮ್ಮಗಳು ಸಯೊಗೆ ಮೂರು ತುಂಬಿದಾಗ ಇದನ್ನ ಅವಳಜ್ಜ ತೆಗೆದರು. ಈಗ ಅವಳಿಗೆ ಏಳು. ಮೂರಕ್ಕೂ ಏಳಕ್ಕೂ ಹೆಣ್ಣುಮಕ್ಕಳನ್ನ ಗುಡಿಗೆ ಕರ್ಕೊಂಡು ಹೋಗೋ ಪದ್ಧತಿ ಇದೆಯಲ್ಲ, ಈ ಭಾನುವಾರ ಅದೇ ಗುಡಿಗೆ ಹೋಗ್ತೀವಿ. ಅದೇ ಮರದ ಕೆಳಗೆ, ಇದೇ ಲೆನ್ಸಲ್ಲಿ ಏಳರದ್ದನ್ನೂ ತೆಗೀಬೇಕು ಅಂತ ಆಸ್ಪತ್ರೆ ಹಾಸಿಗೆಯಲ್ಲೂ ಹೇಳ್ತಿದ್ದರು. ಅವರು ಹೋದರು. ಲೆನ್ಸಾದರೂ ಇತ್ತು. ಈಗ ಅದೂ ಇಲ್ಲ.”

ಓಗುಚಿ ಮೊದಲ ಫೋಟೋವನ್ನು ಎತ್ತಿ ನೋಡಿ ಮೂಗಿನಲ್ಲೇ ನಕ್ಕ.

“ಓ, ಇದಾ. ಅಮ್ಮಾ, ಇದರ ಮುಂದಿನ ಗಾಜನ್ನ ಯಾವನೋ ಕತ್ತೆ ಉಲ್ಟಾ ಕೂರಿಸಿದ್ದ. ಹೊರಗಿರಬೇಕಾದ ಉಬ್ಬು ಒಳಗೆ. ಅಲ್ಲಾಡದೆ ಇರಲಿ ಅಂತ ಸುತ್ತ ಒಂದು ರಟ್ಟಿನ ಪಟ್ಟಿ ಬೇರೆ ತುರುಕಿದ್ದ. ಲೆನ್ಸಿನೊಳಗೆ ರಟ್ಟು, ಕೇಳಿದ್ದೀರಾ ಎಲ್ಲಾದ್ರೂ? ಅದಕ್ಕೇ ನಿಮ್ಮ ಎಲೆಗಳಿಗೆ ತಲೆ ತಿರುಗಿರೋದು. ಸರಿ ಮಾಡಿ ಕೊಟ್ಟಿದ್ದೀನಿ. ಕೈ ಮುಗೀಬೇಕು ನೀವು ನನಗೆ.”

“ನಾನು ಬೂಷ್ಟು ತೆಗೀರಿ ಅಂದಿದ್ದೆ. ಚೀಟಿ ನೋಡಿ.”

ಚೀಟಿ ಮೊಳೆಗೆ ಚುಚ್ಚಿಕೊಂಡು ಕಣ್ಣೆದುರೇ ಇತ್ತು. ‘ಬೂಷ್ಟು ಮಾತ್ರ’ ಎಂದು ಅವನದೇ ಅಕ್ಷರ. ‘ಮಾತ್ರ’ ಎನ್ನುವುದನ್ನು ಆಕೆ ಹೇಳಿ ಬರೆಸಿದ್ದಳು. ಆದರೆ ತಪ್ಪು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಕಸುಬು ಎಂದರೆ ಅದೇ ಎಂದು ಅವನು ತಿಳಿದಿದ್ದ.

“ಉಲ್ಟಾ ಇದೆ ಅಂತ ಗೊತ್ತಿದ್ದೂ ಹಾಗೇ ಮುಚ್ಚಿ ಕೊಡೋಕೆ ನಾನು ಆ ಕತ್ತೆ ಅಲ್ಲ.”

“ಆ ಕತ್ತೆ ನನ್ನ ಗಂಡ,” ಎಂದಳು ಕಿನುಯೊ.

ಟೀ ಹಿಡಿದು ಬರುತ್ತಿದ್ದ ಫುಸಾಯೆ ಒಳಬಾಗಿಲಲ್ಲೇ ನಿಂತಳು.

“ಹತ್ತೊಂಬತ್ತು ವರ್ಷದ ಹಿಂದೆ ಇದು ಕೈಜಾರಿ ಬಿತ್ತು. ಇಲ್ಲಿಗೇ ತಂದಿದ್ದರು. ಮೊಮೊಸೆ ಯಾಸುಹೆಯಿ ಅಂತ, ಬಸ್ ಡ್ರೈವರು. ಸ್ಟೇರಿಂಗ್ ತಿರುಗಿಸೋ ಕೈಗೆ ಇದೆಲ್ಲ ಯಾಕೆ, ತಗೊಂಡು ಹೋಗಿ ಸುವಾ ಕೆರೆಗೆ ಎಸೀರಿ ಅಂದಿರಂತೆ. ನಾಲ್ಕು ಜನರ ಮುಂದೆ. ಮನೆಗೆ ಬಂದಾಗ ಅವರ ಕಿವಿ ಕೆಂಪಗಿತ್ತು. ಮೂರು ಭಾನುವಾರ ಊಟದ ಮೇಜಿನ ಮೇಲೆ ಹರಡಿಕೊಂಡು ತಾವೇ ಜೋಡಿಸಿದರು. ಆ ರಟ್ಟು ನಿಮ್ಮ ಅಂಗಡಿಯ ಕಾರ್ಡೇ. ಆಮೇಲೆ ಫೋಟೋದಲ್ಲಿ ಎಲೆಗಳು ಸುತ್ತೋದು ನೋಡಿ ಮಗುವಿನ ಹಾಗೆ ನಕ್ಕರು. ಓಗುಚಿ ಬೈದದ್ದೇ ಒಳ್ಳೇದಾಯ್ತು ಅಂದರು. ಅವರ ಸಿಟ್ಟು ಅಲ್ಲಿಗೆ ಮುಗೀತು. ನನ್ನದು ಮುಗಿದಿಲ್ಲ. ಊರಲ್ಲಿ ಬೇರೆ ಅಂಗಡಿ ಇದ್ದಿದ್ರೆ ನಿಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ.”

ಓಗುಚಿಗೆ ಆ ಮನುಷ್ಯನ ನೆನಪು ಬರಲಿಲ್ಲ. ಅವನು ಕೆರೆಗೆ ಎಸೆಯಲು ಹೇಳಿದ್ದ ಲೆನ್ಸುಗಳು ಒಂದೆರಡಲ್ಲ. ಆದರೆ ಪಟ್ಟಿಯ ಒಂದು ಅಂಚು ಹಸಿರಾಗಿದ್ದದ್ದು ನೆನಪಿತ್ತು. ಅವನ ಹಳೆಯ ಕಾರ್ಡುಗಳೂ ಹಸಿರು. ಚಿಮಟದಲ್ಲಿ ಎಳೆದು ತೆಗೆಯುವಾಗ ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

“ಆ ಪಟ್ಟಿ ಕೊಡಿ,” ಎಂದಳು ಕಿನುಯೊ.

“ಎಸೆದೆ.”

“ಎಲ್ಲಿಗೆ?”

“ಮಂಗಳವಾರದ ಕಸಕ್ಕೆ.”

ಕಿನುಯೊ ಫೋಟೋಗಳನ್ನು ತೆಗೆದುಕೊಳ್ಳಲು ಹೋದವಳು ಮಗುವಿನದ್ದನ್ನು ಅಲ್ಲೇ ಬಿಟ್ಟಳು.

“ಶನಿವಾರ ಬರ್ತೀನಿ. ಹೇಗಿತ್ತೋ ಹಾಗೆ ಬೇಕು.”

ಆಕೆ ಹೋದದ್ದೇ ತಡ, ಓಗುಚಿಯ ಸಿಟ್ಟು ನೆತ್ತಿಗೇರಿತು. “ಉಲ್ಟಾ ಕೂರಿಸ್ಬೇಕಂತೆ. ನಾನು. ನಲವತ್ತೊಂದು ವರ್ಷ ಆದ್ಮೇಲೆ.”

“ಕೂರಿಸಿ,” ಎಂದಳು ಫುಸಾಯೆ.

“ನಿನಗೆ ತಲೆ ಸರಿ ಇದೆಯಾ?”

“ನನ್ನ ತಲೆ ಸರಿ ಇದೆ ರೀ. ಸರಿ ಇಲ್ಲದ್ದು ನಿಮ್ಮ ಬಾಯಿ. ನೀವು ಬೈದು ಕಳಿಸಿದವರ ಹಿಂದೆ ಬಾಗಿಲ ತನಕ ಹೋಗಿ ಬಗ್ಗಿ ಬಗ್ಗಿ ನನ್ನ ಸೊಂಟ ಹೋಯ್ತು. ಆ ಡ್ರೈವರು ನನಗೆ ನೆನಪಿದ್ದಾರೆ. ನಾನು ತಲೆ ಬಗ್ಗಿಸಿದರೆ ಅವರೂ ಟೋಪಿ ತೆಗೆದು ಬಗ್ಗಿಸಿದರು. ಕಾರ್ಡು ಕೊಟ್ಟದ್ದು ನಾನೇ. ನಿಮ್ಮ ಸಿಟ್ಟಿಳಿದ ಮೇಲೆ ಫೋನ್ ಮಾಡಿ ಬನ್ನಿ ಅಂತ ಅವರಿಗೆ ಹೇಳಿದ್ದೆ. ಪಾಪ, ಎಷ್ಟು ವರ್ಷ ಕಾದರೂ ಇಳೀತಿರಲಿಲ್ಲ ಅಂತ ನನಗೆ ಅವತ್ತು ಹೇಳೋಕಾಗಲಿಲ್ಲ.”

ಅವನು ಲೆನ್ಸನ್ನು ಮೇಜಿನ ಖಾನೆಗೆ ತಳ್ಳಿದ. ಖಾನೆ ಸರಾಗವಾಗಿ ಮುಚ್ಚಲಿಲ್ಲ. ಅದಕ್ಕೂ ಸಿಟ್ಟು ಬಂತು.

ಶುಕ್ರವಾರ ಬೆಳಿಗ್ಗೆ ಲೆನ್ಸು ಬಿಚ್ಚಿ ಕೂತ. ಗಾಜನ್ನು ಹಿಡಿದು ಇಳಿಸುವಷ್ಟರಲ್ಲಿ ಬೆರಳುಗಳು ತಾವಾಗಿಯೇ ಅದನ್ನು ಹೊರಳಿಸಿ ಸರಿಯಾಗಿ ಕೂರಿಸಿಬಿಟ್ಟವು. ಮತ್ತೆ ತೆಗೆದ. ಮತ್ತೆ ಸರಿಯಾಗಿಯೇ ಕೂತಿತು. ಮೂರನೆಯ ಸಲ ಎಡಗೈಯಿಂದ ಬಲಗೈಯನ್ನು ಹಿಡಿದು ಉಲ್ಟಾ ಇಳಿಸಿದ. ಫುಸಾಯೆ ಮಾತಿಲ್ಲದೆ ಹಳೆಯ ಹಸಿರು ಕಾರ್ಡುಗಳ ಕಟ್ಟೊಂದನ್ನು ತಂದಿಟ್ಟು ಹೋದಳು. ಪಟ್ಟಿ ಕತ್ತರಿಸಿದ. ಅಗಲವಾಯಿತು, ಗಾಜು ಓರೆಯಾಗಿ ನಿಂತಿತು. ಇನ್ನೊಂದು ಕತ್ತರಿಸಿದ. ಲೆನ್ಸನ್ನು ಒಂದು ಕ್ಯಾಮೆರಾಕ್ಕೆ ಹಾಕಿ ಬಾಗಿಲಿಗೆ ಹೋಗಿ ಎದುರು ರಸ್ತೆಯ ಮರವನ್ನು ಅದರಲ್ಲಿ ನೋಡಿದ, ಮಗುವಿನ ಫೋಟೋ ನೋಡಿದ, ಬಂದು ಮತ್ತೆ ಬಿಚ್ಚಿದ.

“ಎಲ್ಲೋ ಬಸ್ ಓಡಿಸ್ಕೊಂಡಿರೋದು ಬಿಟ್ಟು,” ಎಂದು ಸತ್ತವನನ್ನು ಗಟ್ಟಿಯಾಗಿಯೇ ಬೈದ. “ಒಂದು ಅಳತೆಪಟ್ಟಿ ಇಲ್ಲ, ಒಂದು ಸರಿಯಾದ ಸ್ಕ್ರೂಡ್ರೈವರ್ ಇಲ್ಲ. ಅದು ಹೇಗಯ್ಯಾ ಕೂರಿಸಿದೆ ನೀನು?”

ಹನ್ನೊಂದು ಕಾರ್ಡು ಹಾಳಾದವು. ಹನ್ನೆರಡನೆಯದಕ್ಕೆ ಎಲೆಗಳು ಸುತ್ತಿದವು. ಪಳಗಿದ ಕೈಯವನಿಗೂ ಇಷ್ಟು ಹದ ಕಂಡುಹಿಡಿಯಲು ಮೂರು ಭಾನುವಾರ ಬೇಕು ಎನಿಸಿತು ಓಗುಚಿಗೆ. ಆ ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದವನು ಇರಲಿಲ್ಲ.

ಶನಿವಾರ ಕಿನುಯೊ ಮಗಳ ಕ್ಯಾಮೆರಾ ತಂದಿದ್ದಳು. ಲೆನ್ಸನ್ನು ತಾನೇ ಅದಕ್ಕೆ ತಿರುಗಿಸಿ ಕೂರಿಸಿದಳು.

“ಅಲ್ಲಿ ಬಾಗಿಲ ಮುಂದೆ ನಿಲ್ಲಿ.”

“ಯಾರು, ನಾನಾ? ನನ್ನ ಫೋಟೋ ಯಾರಿಗೆ ಬೇಕು?”

“ನನಗೆ. ಪರೀಕ್ಷೆ ಮಾಡದೆ ತಗೊಂಡು ಹೋಗಲ್ಲ.”

ಗೊಣಗುತ್ತ ಹೋಗಿ ನಿಂತ. ಕ್ಲಿಕ್ ಆಯಿತು. ಆಕೆ ಕ್ಯಾಮೆರಾದ ಹಿಂದಿನ ಪರದೆಯನ್ನು ತುಂಬ ಹೊತ್ತು ನೋಡಿ ಅವನ ಕಡೆ ತಿರುಗಿಸಿದಳು. ಅಂಗಡಿಯ ಗಾಜು, ಹೂವಿನ ಕುಂಡಗಳು, ಅವನೇ ಕೈಯಾರೆ ಬರೆದ ಬೋರ್ಡು ಎಲ್ಲ ಕರಗಿ ಅವನ ಸುತ್ತ ಸುತ್ತುತ್ತಿದ್ದವು. ನಡುವೆ ಅವನ ಮುಖ ಒಂದೇ ನಿಚ್ಚಳವಾಗಿತ್ತು: ಗಂಟಿಕ್ಕಿದ ಹುಬ್ಬು, ಒತ್ತಿಹಿಡಿದ ತುಟಿ, ಎದುರಿಗಿದ್ದವರನ್ನು ಓಡಿಸುವ ಕಣ್ಣು.

“ಸರಿಯಾಗಿ ಇದೇ,” ಎಂದಳು ಕಿನುಯೊ.

“ಹಿನ್ನೆಲೆ ತಾನೆ?”

“ಹಿನ್ನೆಲೆಯೂ ಬಂದಿದೆ. ನಾನು ಹೇಳಿದ್ದು ಮುಖದ ಮಾತು. ಅವತ್ತು ಮನೆಗೆ ಬಂದು ಅವರು ನಿಮ್ಮ ಮುಖ ಮಾಡಿ ತೋರಿಸಿದ್ದರು. ಸರಿಯಾಗಿ ಇದೇ.”

ಓಗುಚಿ ಆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆಕೆ ಕ್ಯಾಮೆರಾವನ್ನು ಚೀಲಕ್ಕೆ ಹಾಕಲು ಹೋದಾಗ ಕೈ ಅಡ್ಡ ಹಿಡಿದ.

“ಇನ್ನೊಂದು ತೆಗೀರಿ.”

ಮತ್ತೆ ಬಾಗಿಲ ಮುಂದೆ ಹೋಗಿ ನಿಂತ. ಹುಬ್ಬು ಸಡಿಲಿಸಿದ. ಕೈಗಳನ್ನು ಹಿಂದೆ ಕಟ್ಟಿ, ಬಿಟ್ಟು, ಮುಂದೆ ಇಳಿಬಿಟ್ಟ. ತುಟಿಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕಿನುಯೊ ಕ್ಯಾಮೆರಾದ ಹಿಂದೆ ಮುಖ ಇಟ್ಟುಕೊಂಡು ಕಾಯುತ್ತಿದ್ದಳು.