ಚೆನ್ನಾಗಿದೆ ಅನ್ನಬಾರದು

ಮಗು ಚೆನ್ನಾಗಿದೆ ಎಂದು ಹೆತ್ತ ತಾಯಿ ಬಾಯಿ ಬಿಟ್ಟು ಹೇಳಬಾರದು. ಹಾಲಮ್ಮನಿಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ, ಉಣ್ಣುವುದು ಉಡುವುದು ಬಂದ ಹಾಗೆ ಬಂದಿತ್ತು. ಕಣ್ಣು ತಾಗಿದರೆ ಕಲ್ಲೂ ಬಿರಿಯುತ್ತದೆ, ಇನ್ನು ಎಳೆ ಮಗುವಿನ ಪಾಡೇನು? ಹೊರಗಿನವರ ಕಣ್ಣಿಗಿಂತ ತಾಯಿಯ ಕಣ್ಣು ಕೆಟ್ಟದ್ದು, ತಾಯಿಯ ಕಣ್ಣಿಗಿಂತ ಅವಳ ನಾಲಿಗೆ ಕೆಟ್ಟದ್ದು ಎಂದು ಅತ್ತೆ ಕೆರಿಯಮ್ಮ ಹೇಳುತ್ತಿದ್ದಳು. ಹಾಗಾಗಿ ಆ ದಿಬ್ಬದ ಮೇಲಿನ ಹದಿನಾಲ್ಕು ಮನೆಗಳಲ್ಲಿ ಒಂದು ಮಗುವೂ ಚೆನ್ನಾಗಿರಲಿಲ್ಲ. ಕೇಳಿದರೆ ಸಾಕು, ಒಂದು ಹಾಲು ಕುಡಿಯುತ್ತಿರಲಿಲ್ಲ, ಇನ್ನೊಂದು ನಿದ್ದೆ ಮಾಡುತ್ತಿರಲಿಲ್ಲ, ಮತ್ತೊಂದು ಒಣಗಿ ಕಡ್ಡಿಯಾಗಿತ್ತು. ತಿಂಗಳಿಗೊಮ್ಮೆ ದೋಣಿ ದಾಟಿ ಬರುತ್ತಿದ್ದ ನರ್ಸಮ್ಮ ಮೊದಮೊದಲು ಗಾಬರಿಬಿದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಅವಳೂ ಜಾಣೆಯಾದಳು. ನಿಮ್ಮೂರಿನ ಬಡಕಲು ಮಕ್ಕಳನ್ನು ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಯಿತು ಎಂದು ನಗುತ್ತಿದ್ದಳು.

ಹದಿನಾಲ್ಕು ಮನೆಯವರೂ ಒಂದೇ ಊರಿನವರು. ಲಿಂಗನಮಕ್ಕಿಯಲ್ಲಿ ಕಟ್ಟೆ ಎದ್ದು ಹೊಳೆಯ ನೀರು ಹಿಂದಕ್ಕೆ ಏರಿದಾಗ ಗದ್ದೆ, ಮನೆ, ಬಾವಿ ಎಲ್ಲ ಮುಳುಗಿ, ಸಿಗಂದೂರಿನ ಕಡೆಯ ಈ ದಿಬ್ಬಕ್ಕೆ ಬಂದು ಹುಲ್ಲು ಹೊದಿಸಿಕೊಂಡು ಕೂತವರು. ಅದರ ಮರುವರ್ಷ, ಅರವತ್ತೈದರ ಮಳೆಗಾಲದಲ್ಲಿ, ಹಾಲಮ್ಮನಿಗೆ ಹೆಣ್ಣು ಮಗುವಾಯಿತು. ಆರು ದಿನ ಬಿಟ್ಟು ಪಕ್ಕದ ಮನೆಯ ರಂಗಮ್ಮನಿಗೆ ಗಂಡು. ಹಾಲಮ್ಮನ ಗಂಡ ಜಯಪ್ಪ ಮಗಳಿಗೆ ಶರಾವತಿ ಎಂದು ಹೆಸರಿಟ್ಟ. ಊರು ನುಂಗಿದವಳ ಹೆಸರೇ ಬೇಕಿತ್ತಾ ಎಂದು ಕೆರಿಯಮ್ಮ ಗೊಣಗಿದಳು. ಮಗು ಬೆಳ್ಳಗೆ ಗುಂಡಗೆ ಇದ್ದುದರಿಂದ ಮನೆಯಲ್ಲಿ ಅದನ್ನು ಕರಿ ಎಂದು ಕರೆದರು. ರಂಗಮ್ಮ ಹಳೆಯ ಊರಿನಲ್ಲಿ ಎರಡು ಮಕ್ಕಳನ್ನು ಮಣ್ಣು ಮಾಡಿ ಬಂದವಳು. ಈ ಮಗನನ್ನು ಹುಟ್ಟಿದ ದಿನವೇ ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು, ತಿಪ್ಪ ಎಂದು ಕರೆದಳು. ಇದು ಯಾರಿಗೂ ಬೇಡದ ವಸ್ತು ಎಂದು ಜವರಾಯನೂ ತಿಳಿದುಕೊಳ್ಳಲಿ ಎಂದು.

ಆ ವರ್ಷವೆಲ್ಲ ಇಬ್ಬರೂ ಒಂದೇ ಜಗಲಿಯಲ್ಲಿ ಕಾಲು ನೀಡಿ ಕೂತು ಮಕ್ಕಳಿಗೆ ಎಣ್ಣೆ ತೀಡಿದರು. ಒಬ್ಬಳು ಸೌದೆಗೆ ಹೋದರೆ ಇನ್ನೊಬ್ಬಳು ಎರಡೂ ಮಕ್ಕಳಿಗೆ ಹಾಲೂಡಿದಳು. ಸುಖದುಃಖ ಹೇಳಿಕೊಂಡರು, ಆದರೆ ಸುಖವನ್ನೂ ದುಃಖದ ಹಾಗೇ ಹೇಳಿಕೊಂಡರು. ಕರಿ ಮೊದಲ ಸಲ ತಾನಾಗಿ ಎದ್ದು ಕೂತ ದಿನ ಹಾಲಮ್ಮ ಓಡಿ ಬಂದು, ಎಂಥ ಸೋಮಾರಿ ಮಗುವೋ, ಕೂತಲ್ಲೇ ಕೂತಿರುತ್ತದೆ ರಂಗಕ್ಕ ಎಂದಳು. ರಂಗಮ್ಮ ಒಳಗೆ ಹೋಗಿ ಒಂದು ಚೂರು ಬೆಲ್ಲ ತಂದು ಅವಳ ಬಾಯಿಗೆ ಹಾಕಿದಳು. ತಿಪ್ಪನಿಗೆ ಹಲ್ಲು ಬಂದಾಗ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ, ಯಾವ ಪೀಡೆ ಹೊಕ್ಕಿದೆಯೋ ಎಂದು ರಂಗಮ್ಮ ಹಣೆ ಚಚ್ಚಿಕೊಂಡಳು. ಅಂದು ಬೆಲ್ಲ ತರುವ ಸರದಿ ಹಾಲಮ್ಮನದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇವರು ಮುದ್ದಾದ ಮಕ್ಕಳನ್ನೇ ಹೆಗ್ಗಣ ಮಾಡಿಕೊಂಡು ಹತ್ತು ತಿಂಗಳು ಸಾಕಿದರು.

ಯುಗಾದಿ ಕಳೆದು ಎರಡು ವಾರಕ್ಕೆ ಕರಿಗೆ ವಾಂತಿ ಶುರುವಾಯಿತು, ಹಿಂದೆಯೇ ಭೇದಿ. ಜಯಪ್ಪ ನಿಟ್ಟೂರಿನ ಕಡೆ ಮರ ಕೊಯ್ಯುವ ಕೆಲಸಕ್ಕೆ ಹೋಗಿ ಆರು ದಿನವಾಗಿತ್ತು. ಹಲ್ಲಿನ ಭೇದಿ, ತಾನಾಗಿ ನಿಲ್ಲುತ್ತದೆ ಎಂದಳು ಕೆರಿಯಮ್ಮ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕುಡಿಸಿದ್ದೆಲ್ಲ ಕೆಳಗೆ ಹೋಗುವಾಗ ಕುಡಿಸುವುದೇಕೆ ಎಂದು ನೀರನ್ನೂ ಬೇಡವೆಂದಳು. ಹಿರಿಯರ ಮಾತು, ಹಾಲಮ್ಮ ಒಂದು ಹಗಲು ಒಂದು ರಾತ್ರಿ ಕೇಳಿದಳು. ಬೆಳಗಾಗುವಾಗ ನೋಡಿದರೆ ಮಗುವಿನ ಕೆಳಗೆ ಹಾಸಿದ್ದ ಬಟ್ಟೆ ಒಣಗಿಯೇ ಇತ್ತು. ಒಂದು ಹನಿ ಉಚ್ಚೆಯೂ ಬಿದ್ದಿರಲಿಲ್ಲ. ಮಗು ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ದಿನಾ ಎಣ್ಣೆ ತಟ್ಟುತ್ತಿದ್ದ ನೆತ್ತಿಯ ಮೇಲೆ ಕೈಯಿಟ್ಟಳು. ಬೆರಳ ತುದಿ ಗುಳಿಗೆ ಇಳಿಯಿತು.

ಸಾಗರದ ಆಸ್ಪತ್ರೆ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಸಾಗರಕ್ಕೆ ಹೋಗಬೇಕಾದರೆ ನೀರು ದಾಟಬೇಕು, ಆಚೆ ದಡದಲ್ಲಿ ಹತ್ತು ಗಂಟೆಯ ಬಸ್ಸು ಹಿಡಿಯಬೇಕು. ಅದು ತಪ್ಪಿದರೆ ಮರುದಿನವೇ ಇನ್ನೊಂದು. ದೋಣಿ ಇದ್ದದ್ದು ರಂಗಮ್ಮನ ಗಂಡ ಹೂವಪ್ಪನ ಹತ್ತಿರ ಮಾತ್ರ. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಹಾಲಮ್ಮ ದಿಬ್ಬ ಇಳಿದು ಓಡಿದಳು. ಬೇಸಿಗೆಯಲ್ಲಿ ನೀರು ದೂರ ಹೋಗಿಬಿಡುತ್ತಿತ್ತು. ಬಿರುಕುಬಿಟ್ಟ ಕೆಸರಿನ ಬಯಲು ದಾಟಿ ದಡ ಮುಟ್ಟುವಷ್ಟರಲ್ಲಿ ಅವಳಿಗೆ ಉಸಿರೇ ಉಳಿದಿರಲಿಲ್ಲ. ಅಲ್ಲಿ ನೋಡಿದರೆ ದೋಣಿ ಮಗುಚಿಕೊಂಡು ಬಿದ್ದಿತ್ತು. ಹೂವಪ್ಪ ಹಲಗೆಯ ಸಂದಿಯಿಂದ ಹಳೆಯ ರಾಳ ಕೆರೆದು ತೆಗೆಯುತ್ತಿದ್ದ. ರಂಗಮ್ಮ ಕಲ್ಲಿನ ಒಲೆ ಹೂಡಿ ಹೊಸ ರಾಳಕ್ಕೆ ಎಣ್ಣೆ ಬೆರೆಸಿ ಕಾಯಿಸುತ್ತಿದ್ದಳು. ತಿಪ್ಪ ಚಾಪೆಯ ಮೇಲೆ ಕೂತು ಕಡ್ಡಿ ಕಚ್ಚುತ್ತಿದ್ದ.

"ರಂಗಕ್ಕ, ಮಗು ಹಾಲು ಕುಡೀತಿಲ್ಲ. ಕಣ್ಣು ಒಳಗೆ ಹೋಗ್ಯದೆ," ಎಂದಳು ಹಾಲಮ್ಮ.

ರಂಗಮ್ಮ ರಾಳ ತಿರುವುತ್ತಲೇ ತನ್ನದೂ ಅದೇ ಗೋಳು ಎಂದಳು. ನಿನ್ನೆಯಿಂದ ಬಾಯಿಗೆ ಒಂದಗುಳು ಹಾಕಿಲ್ಲ, ಒಣಗಿ ಹಂಚಿಕಡ್ಡಿಯಾಗಿದಾನೆ ನೋಡು ಎಂದು ತಿಪ್ಪನ ಕಡೆ ತೋರಿಸಿದಳು. ತಿಪ್ಪನ ಕೆನ್ನೆ ಉಬ್ಬಿ ಕತ್ತಿನ ಮೇಲೆ ಕೂತಿತ್ತು.

ಹಾಗಲ್ಲ ರಂಗಕ್ಕ, ಭೇದಿ ನಿಲ್ಲುತ್ತಿಲ್ಲ ಎಂದಳು ಹಾಲಮ್ಮ. ಭೇದಿ ಅಂದರೆ ಹಲ್ಲು, ಹಲ್ಲು ಅಂದರೆ ಬೆಲ್ಲ. ರಂಗಮ್ಮನ ಮುಖದಲ್ಲಿ ನಗೆ ಹಾದುಹೋದದ್ದನ್ನು ಹಾಲಮ್ಮ ನೋಡಿದಳು. ಸಂಜೆ ಬರ್ತೀನಿ ಬಿಡು ಎಂದಳು ರಂಗಮ್ಮ. ದೋಣಿ ಬಿಡಬೇಕು, ಸಾಗರಕ್ಕೆ ಒಯ್ಯಬೇಕು ಎಂದು ಹಾಲಮ್ಮ ಅಂಗಲಾಚಿದಾಗ ಹೂವಪ್ಪ ತಲೆಯೆತ್ತಿ, ಸಂದಿ ಎಲ್ಲ ಬಿಚ್ಚಿಟ್ಟಿದೀನಿ ತಂಗಿ, ಈಗ ನೀರಿಗೆ ಬಿಟ್ಟರೆ ಸೋರುತ್ತದೆ, ನಾಳೆ ಸಂತೆಗೆ ಹೋಗುವಾಗ ಒಯ್ಯೋಣ ಎಂದ. ಅವನದು ಸಮಾಧಾನದ ದನಿ. ಹತ್ತು ತಿಂಗಳು ಇಂಥದ್ದನ್ನೇ ಕೇಳಿ ಕೇಳಿ ಪಳಗಿದವನ ದನಿ.

ಹಾಲಮ್ಮ ನಿಂತಲ್ಲೇ ನಿಂತಳು. ಇನ್ನೇನು ಹೇಳುವುದು? ನೆತ್ತಿ ಗುಳಿ ಬಿದ್ದಿದೆ ಎಂದರೆ ಅವಳು ನನ್ನದೂ ಬಿದ್ದಿದೆ ಎನ್ನುತ್ತಾಳೆ. ಸಾಯುತ್ತದೆ ಎಂದರೆ ಅದನ್ನೂ ಎಷ್ಟು ಸಲ ಆಡಿದ್ದಾಯಿತು. ಕೆಟ್ಟ ಮಾತೆಲ್ಲ ಈಗಾಗಲೇ ಖರ್ಚಾಗಿಹೋಗಿತ್ತು. ಮಗುವನ್ನು ಎತ್ತಿ ತಂದು ತೋರಿಸೋಣವೆಂದರೆ, ಆಮೇಲೆ ದೋಣಿ ಸಜ್ಜು ಮಾಡುವಷ್ಟರಲ್ಲಿ ಬಸ್ಸಿನ ಹೊತ್ತು ಮೀರುತ್ತಿತ್ತು. ಉಳಿದದ್ದು ಒಂದೇ ಮಾತು. ಅದನ್ನು ಆಡಿದರೆ ಮಗುವನ್ನು ತಾನೇ ಕೈಯಾರೆ ಕೊಟ್ಟ ಹಾಗೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದಳು.

"ರಂಗಕ್ಕ, ಇಷ್ಟು ದಿನ ನಾನು ಹೇಳಿದ್ದೆಲ್ಲ ಸುಳ್ಳು. ನನ್ನ ಮಗಳು ಚೆನ್ನಾಗಿದ್ಲು. ಒಂದು ದಿನಾನೂ ಹಾಲು ಬಿಟ್ಟೋಳಲ್ಲ. ನಿನ್ನ ತಿಪ್ಪನಿಗಿಂತ ಗುಂಡಾಗಿದ್ಲು. ಈ ದಿಬ್ಬದಲ್ಲಿ ಅಂಥ ಮಗು ಇನ್ನೊಂದಿರ್ಲಿಲ್ಲ. ಮೊನ್ನೆ ತನಕ ಬಂಗಾರದ ಹಂಗಿದ್ಲು. ಈಗ ಇಲ್ಲ."

ರಂಗಮ್ಮನ ಕೈಯ ಸೌಟು ನಿಂತಿತು. ಅವಳು ಹಾಲಮ್ಮನ ಮುಖವನ್ನು ಒಂದು ಸಲ ನೋಡಿದಳು. ರಾಳದ ಗಡಿಗೆಯನ್ನು ಒಲೆಯಿಂದ ತಳ್ಳಿ ಎದ್ದಳು.

"ದೋಣಿ ತಿರುವು," ಎಂದಳು ಗಂಡನಿಗೆ.

ಸೋರುತ್ತದೆ ಎಂದು ಹೂವಪ್ಪ ಇನ್ನೊಮ್ಮೆ ಹೇಳಹೊರಟವನು ಹೆಂಡತಿಯ ಮುಖ ಕಂಡು ದೋಣಿಗೆ ಹೆಗಲು ಕೊಟ್ಟ. ರಂಗಮ್ಮ ತಿಪ್ಪನನ್ನು ಸೊಂಟಕ್ಕೇರಿಸಿ ಹಾಲಮ್ಮನ ಹಿಂದೆಯೇ ದಿಬ್ಬ ಹತ್ತಿದಳು. ಮಗುವನ್ನು ಹೊಸಿಲು ದಾಟಿಸಬೇಡಿ ಎಂದು ಕೆರಿಯಮ್ಮ ಅಡ್ಡ ಬಂದಳು. ರಂಗಮ್ಮ ಕರಿಯ ನೆತ್ತಿ ಮುಟ್ಟಿ ನೋಡಿ, ಮುದುಕಿಯ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಹಿರಿಯರಿಗೆ ಹಾಗೆ ಮಾಡಿದವಳಲ್ಲ. ಇಳಿಯುವಾಗ ಮಕ್ಕಳನ್ನು ಬದಲು ಮಾಡಿಕೊಂಡು, ತನ್ನ ಮೊಲೆಯನ್ನು ಕರಿಯ ಬಾಯಿಗೆ ಕೊಟ್ಟು ನೋಡಿದಳು. ಮಗುವಿಗೆ ಚೀಪುವ ಬಲವಿರಲಿಲ್ಲ. ಹಾಲನ್ನು ಬೆರಳಿಗೆ ಹಿಂಡಿಕೊಂಡು ತುಟಿಗೆ ಒರೆಸುತ್ತಾ ನಡೆದಳು.

ಹೂವಪ್ಪ ಸಂದಿಗಳಿಗೆ ಹಳೆಯ ಸೀರೆಯ ಚೂರು ತುರುಕಿ ದೋಣಿಯನ್ನು ನೀರಿಗೆ ತಳ್ಳಿ ನಿಂತಿದ್ದ. ದಡ ಬಿಟ್ಟು ನಾಲ್ಕು ಮಾರು ಹೋಗಿರಲಿಲ್ಲ, ಕಾಲಿನ ಅಡಿ ತಣ್ಣಗಾಯಿತು. ರಂಗಮ್ಮ ತಿಪ್ಪನನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ತಗಡಿನ ಡಬ್ಬದಿಂದ ನೀರು ಮೊಗೆದು ಹೊರಗೆ ಚೆಲ್ಲತೊಡಗಿದಳು. ಹಾಲಮ್ಮ ಮಗುವನ್ನು ಎದೆಗೆ ಒತ್ತಿಕೊಂಡು ಅದರ ಹೊಟ್ಟೆ ಏರಿಳಿಯುವುದನ್ನು ಮಾತ್ರ ನೋಡುತ್ತಿದ್ದಳು. ಒಮ್ಮೆ ಏರುವುದು ತಡವಾದರೆ ಅವಳ ಉಸಿರೂ ನಿಲ್ಲುತ್ತಿತ್ತು. ಸುತ್ತ ಸತ್ತ ಮರದ ಬೊಡ್ಡೆಗಳು ನೀರಿನಿಂದ ತಲೆಯೆತ್ತಿದ್ದವು, ಕಾಣದವು ಇನ್ನೆಷ್ಟೋ. ಹೂವಪ್ಪನಿಗೆ ಅವು ಊರಿನ ಗುರುತು. ಇಲ್ಲಿ ಕನ್ನಪ್ಪನ ಹಲಸು, ಅಲ್ಲಿ ಕಳದ ಮಾವು ಎಂದು ನೆನಪಿನ ಮೇಲೆಯೇ ದೋಣಿ ತಿರುಗಿಸುತ್ತಿದ್ದ. ಆದರೂ ಒಂದು ಕಡೆ ತಳ ಗರಗರ ಕೊರೆದು, ತುರುಕಿದ್ದ ಬಟ್ಟೆ ಕಿತ್ತುಬಂತು. ನೀರು ಕಣಕಾಲಿಗೇರಿತು. ರಂಗಮ್ಮ ಸೆರಗು ಹರಿದು ಅಲ್ಲಿ ತುರುಕಿ, ಹಿಮ್ಮಡಿಯಿಂದ ಒತ್ತಿ ಹಿಡಿದು ಮೊಗೆದಳು.

ಸ್ವಲ್ಪ ಮುಂದೆ ಹೂವಪ್ಪ ಹುಟ್ಟು ಹಾಕುವುದನ್ನು ನಿಧಾನ ಮಾಡಿದ. ಅಲ್ಲಿ ಯಾವ ಬೊಡ್ಡೆಯೂ ಕಾಣುತ್ತಿರಲಿಲ್ಲ. ಹಾಲಮ್ಮನಿಗೆ ಗುರುತು ಹತ್ತಿತು. ರಂಗಮ್ಮನ ಎರಡು ಮಕ್ಕಳನ್ನು ಮಣ್ಣು ಮಾಡಿದ ಹಿತ್ತಲು ಇದರ ಕೆಳಗೇ ಎಲ್ಲೋ ಇತ್ತು.

"ಮೊದಲನೇದು ಹೀಗೇ ಹೋಗಿದ್ದು," ಎಂದಳು ರಂಗಮ್ಮ, ಡಬ್ಬ ನಿಲ್ಲಿಸದೆ. "ಮೂರು ದಿನ ಎಲ್ಲರ ಹತ್ರ ಹೇಳಿದೆ. ಎಲ್ಲರೂ ನಮ್ಮದೂ ಹಂಗೇ ಅಂದ್ರು. ಇವತ್ತು ನಾನೂ ಅಂದೆ."

ಹೂವಪ್ಪ ಮತ್ತೆ ಜೋರಾಗಿ ಹುಟ್ಟು ಹಾಕಿದ.

ಆಚೆ ದಡದಲ್ಲಿ ಬಸ್ಸು ಹೊರಟೇಬಿಟ್ಟಿತ್ತು. ಹೂವಪ್ಪ ಹುಟ್ಟನ್ನು ಮೇಲೆತ್ತಿ ಬೀಸಿ ಕೂಗಿದ್ದಕ್ಕೆ ಏರಿನಲ್ಲಿ ನಿಂತಿತು. ಸಾಗರದ ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡಿ, ತಡ ಮಾಡಿದ್ದಕ್ಕೆ ನಾಲ್ಕು ಮಾತು ಬೈದು, ತಲೆಯ ನರಕ್ಕೇ ಸೂಜಿ ಹಾಕಿ ಗ್ಲೂಕೋಸ್ ಏರಿಸಿದರು. ಸಂಜೆಯೊಳಗೆ ಉಚ್ಚೆ ಹೊಯ್ದರೆ ಬದುಕುತ್ತದೆ, ನೋಡೋಣ ಎಂದರು. ಹಾಲಮ್ಮ ಮಂಚದ ಪಕ್ಕ ನೆಲದಲ್ಲಿ ಕೂತು ಮಗುವಿನ ಕೆಳಗೆ ಕೈ ಇಟ್ಟುಕೊಂಡಳು. ಮಧ್ಯಾಹ್ನವಾಯಿತು, ಕೈ ಒಣಗಿಯೇ ಇತ್ತು. ಮೂರು ಗಂಟೆಯಾಯಿತು. ನಾನೇ ತಿಂದೆ, ನನ್ನ ಬಾಯಿಂದಲೇ ಆಡಿ ತಿಂದುಬಿಟ್ಟೆ ಎಂದು ಅವಳು ಗೋಡೆಗೆ ತಲೆ ಚಚ್ಚಿಕೊಂಡಳು. ರಂಗಮ್ಮ ಗೋಡೆಗೆ ಕೈ ಅಡ್ಡ ಇಟ್ಟಳೇ ಹೊರತು ಹಾಗಲ್ಲ ಎನ್ನಲಿಲ್ಲ. ಅವಳೂ ಆ ಮಾತನ್ನು ನಂಬುವವಳೇ.

ಹೊತ್ತು ಇಳಿಯುವಾಗ ಹಾಲಮ್ಮನ ಅಂಗೈ ಬಿಸಿಯಾಯಿತು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಒದ್ದೆ ಕೈಯನ್ನು ಮೂಗಿಗೆ ಹಿಡಿದು ನೋಡಿ, ಅದನ್ನೇ ಕಣ್ಣಿಗೊತ್ತಿಕೊಂಡು ಅತ್ತಳು. ಡಾಕ್ಟರು ಬಂದು ನೆತ್ತಿ ಮುಟ್ಟಿ, ಇನ್ನು ಭಯವಿಲ್ಲ ಎಂದರು. ಆದರೆ ಹಾಲಮ್ಮನ ಭಯ ಹೋಗಲಿಲ್ಲ. ಇವತ್ತು ಉಳಿಯಿತು ಸರಿ. ಆಡಿದ ಮಾತು ಆಡಿದ್ದೇ ತಾನೆ? ಅದು ನಾಳೆ ಬಂದು ಕೇಳಿದರೆ ಏನು ಮಾಡುವುದು?

ಡಾಕ್ಟರು ಹೊರಡುವಾಗ ರಂಗಮ್ಮನ ಸೊಂಟದ ಮೇಲಿದ್ದ ತಿಪ್ಪನನ್ನು ನೋಡಿ, ಇವನಿಗೂ ಏನಾದರೂ ಆಗಿದೆಯೇ ಎಂದು ಕೇಳಿದರು. ರಂಗಮ್ಮ ಹಾಲಮ್ಮನ ಕಡೆ ನೋಡಿದಳು. ಆಮೇಲೆ ಅತ್ತಿತ್ತಲ ಮಂಚದವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಎಂತದೂ ಆಗಿಲ್ಲ. ನನ್ನ ಮಗ ಚೆನ್ನಾಗಿದಾನೆ. ಎರಡು ಹೊತ್ತೂ ಗಂಜಿ ಉಣ್ತಾನೆ, ರಾತ್ರಿ ಎಲ್ಲ ನಿದ್ದೆ ಮಾಡ್ತಾನೆ. ಇವತ್ತಿನ ತನಕ ಒಂದು ಕೆಮ್ಮೂ ಬಂದಿಲ್ಲ."

ಡಾಕ್ಟರು ಒಳ್ಳೆಯದು ಎಂದು ಹೋದರು. ತಿಪ್ಪನನ್ನು ಹಿಡಿದಿದ್ದ ರಂಗಮ್ಮನ ಬೆರಳುಗಳು ಅವನ ತೊಡೆಯಲ್ಲಿ ಹೂತುಹೋಗಿದ್ದವು. ಮಗು ನೋವಿಗೆ ಮುಖ ಹಿಂಡಿತು. ಎಂಥ ಮಾತು ಆಡಿದೆ ರಂಗಕ್ಕ, ಎರಡು ಕಳಕೊಂಡವಳು ನೀನು ಎಂದಳು ಹಾಲಮ್ಮ, ಎದ್ದು ನಿಂತು.

"ನೀನೊಬ್ಬಳೇ ಆಡಿದ್ರೆ ಪೂರ್ತಿ ನಿನ್ನ ಮಗೂ ಮೇಲೇ ಬೀಳ್ತದೆ," ಎಂದಳು ರಂಗಮ್ಮ. "ಈಗ ಬಿದ್ರೆ ಎರಡರ ಮೇಲೂ ಬೀಳ್ಲಿ. ಅರ್ಧರ್ಧ ಆದ್ರೆ ತಡಕೊಳ್ತವೆ."

ಸಂಜೆ ಕರೆಂಟು ಹೋಗಿ ವಾರ್ಡಿನಲ್ಲಿ ಸೀಮೆಎಣ್ಣೆಯ ದೀಪ ಹಚ್ಚಿಟ್ಟರು. ರಂಗಮ್ಮ ಎದ್ದು ಅದರ ಗಾಜಿನ ಬಾಯಿಂದ ಬೆರಳಿಗೆ ಕಾಡಿಗೆ ಒರೆಸಿಕೊಂಡು ಬಂದಳು. ಮೊದಲು ಕರಿಯ ಕೆನ್ನೆಗೆ ಒಂದು ಬೊಟ್ಟು ಇಟ್ಟಳು, ಆಮೇಲೆ ತಿಪ್ಪನಿಗೆ, ಎರಡೂ ಒಂದೇ ಅಳತೆಯವು.