ಆರನೆಯ ನಿಯಮ

ಐದನೆಯ ನಿಯಮದವರೆಗೆ ಸರಾಗವಾಗಿ ಬಂತು. ಆರನೆಯದಕ್ಕೆ ಬಂದ ಕೂಡಲೇ ಉಮಾಪತಿಯ ಮಾತು ನಿಂತಿತು. ಕನ್ನಡಿಯಲ್ಲಿದ್ದವನು ಬಾಯಿ ತೆರೆದುಕೊಂಡು ಇವನನ್ನೇ ನೋಡುತ್ತಿದ್ದ. ಮುಂದಿನದು ಅವನಿಗೂ ಹೊಳೆದಂತೆ ಕಾಣಲಿಲ್ಲ.

“ಯಾರ ಕೂಡ ಮಾತಾಡಾಕ ಹತ್ತೀರಿ?” ಅಡುಗೆಮನೆಯಿಂದ ಹೆಂಡತಿ ಪಂಪಾವತಿ ಕೇಳಿದಳು.

“ಯಾರ ಕೂಡಾನೂ ಇಲ್ಲ.”

“ಅಪ್ಪಾರು ಆಗಲೇ ಎರಡು ಸಲ ಕೇಳ್ಯಾರ. ಸಾಹೇಬ್ರ ಬಸ್ಸು ಬರೂ ಹೊತ್ತಾತಂತ.”

“ಹೊಂಟೀನಿ ಅಂತ ಹೇಳು.”

ಅಪ್ಪಾರು ಎಂದರೆ ಈಶಪ್ಪ. ಯಲಬುರ್ಗಿಯ ಹತ್ತಿ ವ್ಯಾಪಾರಿ, ಈ ಮನೆಯ ಯಜಮಾನ, ಊರ ವಾಚನಾಲಯದ ಅಧ್ಯಕ್ಷ. ಉಮಾಪತಿ ಇವೆಲ್ಲಕ್ಕೂ ಅಳಿಯ. ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ಬಿ.ಎ. ಓದಿ ಬಂದು ಐದು ವರ್ಷವಾಗಿತ್ತು. ಅವನ ಓದಿಗೆ ತಕ್ಕ ನೌಕರಿ ಊರಲ್ಲಿರಲಿಲ್ಲ. ಪರವೂರಿನ ನೌಕರಿಗೆ ಹಾಕಿದ ಅರ್ಜಿಗಳಿಗೆ ಉತ್ತರ ಬರುತ್ತಿರಲಿಲ್ಲ. ಮಾವನ ಮನೆಯಲ್ಲಿ ಉಂಡು ಸುಮ್ಮನೆ ಕೂತಿದ್ದಾನೆ ಎಂದು ಊರವರು ಆಡಿಕೊಳ್ಳಬಾರದಲ್ಲ, ಅದಕ್ಕಾಗಿ ಅವನನ್ನು ವಾಚನಾಲಯದ ಕಾರ್ಯದರ್ಶಿ ಮಾಡಿದ್ದರು.

ವಾಚನಾಲಯವೆಂದರೆ ಈಶಪ್ಪನ ಅಂಗಡಿಗೆ ಹೊಂದಿಕೊಂಡ ಒಂದು ಕೋಣೆ. ಮುಂದೆ ಮೂರು ಮೆಟ್ಟಿಲಿನ ಕಟ್ಟೆ. ಒಳಗೆ ಎರಡು ಕಪಾಟು, ಒಂದು ಜಮಖಾನೆ, ಗದಗಿನ ಕಡೆಯಿಂದ ಎರಡು ದಿನ ತಡವಾಗಿ ಬರುವ ಒಂದು ಪತ್ರಿಕೆ. ಇಷ್ಟಕ್ಕೆ ಹದಿನೇಳು ನಿಯಮಗಳಿದ್ದವು. ಪುಸ್ತಕಗಳಿಗಿಂತ ನಿಯಮಗಳ ಮೇಲೆಯೇ ಉಮಾಪತಿಗೆ ಪ್ರೀತಿ ಹೆಚ್ಚು. ಪುಸ್ತಕಗಳನ್ನು ಬೇರೆಯವರು ಬರೆದಿದ್ದರು.

ನಿಜಾಮರ ಸೀಮೆಯಲ್ಲಿ ನಾಲ್ಕು ಜನ ಕೂಡಿ ಓದಬೇಕಾದರೂ ಸರಕಾರದ ಅಪ್ಪಣೆ ಬೇಕು. ಅಪ್ಪಣೆಗೆ ನಿಯಮಾವಳಿ ಬೇಕು, ಅದು ಉರ್ದುವಿನಲ್ಲಿರಬೇಕು. ಮೂರು ವರ್ಷದ ಹಿಂದೆ ಇದೇ ಜಮಖಾನೆಯ ಮೇಲೆ ಹಿರಿಯರೆಲ್ಲ ಕೂತು ಒಂದೊಂದೇ ನಿಯಮ ಹೇಳಿದ್ದರು, ಉಮಾಪತಿ ಕನ್ನಡದಲ್ಲಿ ಬರೆದುಕೊಂಡಿದ್ದ. ಆರನೆಯದನ್ನು ಈಶಪ್ಪ ಹೇಳಿದ.

“ಅಗಸಿ ಹೊರಗಿನ ಓಣ್ಯಾರು ಒಳಗ ಬರೂದು ಬ್ಯಾಡ. ಬೇಕಾದ್ರ ಕಟ್ಟಿ ಕೆಳಗ ನಿಂತು ಕೇಳಲಿ. ನಾವೇನು ಕೇಳಬ್ಯಾಡ್ರಿ ಅಂತೀವೇನು? ಬರಕೋ.”

ಅಗಸಿ ಎಂದರೆ ಊರ ಹೆಬ್ಬಾಗಿಲು; ಅದರ ಹೊರಗಿದ್ದದ್ದು ಮಾದರಂಥ ಅಸ್ಪೃಶ್ಯರ ಓಣಿಗಳು. ಉಮಾಪತಿ ಬರೆದುಕೊಂಡ. ಎದುರು ಮಾತಾಡಲಿಲ್ಲ. ಎದುರು ಮಾತಾಡದೆ ಇದ್ದದ್ದಕ್ಕೆ ಎರಡು ದಿನ ತನ್ನ ಮೇಲೆಯೇ ಸಿಟ್ಟಾದ. ಮೂರನೆಯ ದಿನ ಮಧ್ಯಾಹ್ನ ಉರ್ದು ಪ್ರತಿ ಮಾಡಲು ಕೂತಾಗ ಅವನ ಲೇಖನಿ ತಾನಾಗಿ ಬೇರೆ ದಾರಿ ಹಿಡಿಯಿತು. ಜಾತಿ, ಮತ, ಓಣಿ ಎಂಬ ಯಾವ ಭೇದವೂ ಇಲ್ಲದೆ, ಓದಲು ಬಯಸುವ ಪ್ರತಿಯೊಬ್ಬರಿಗೂ ಒಳಗೆ ಬಂದು ಕೂರುವ ಹಕ್ಕಿದೆ ಎಂದು ಬರೆದ. ಜಮಖಾನೆಯ ಮೇಲಿದ್ದ ಯಾರಿಗೂ ಆ ಲಿಪಿ ಬರುತ್ತಿರಲಿಲ್ಲ. ಎಲ್ಲರೂ ಅವನು ತೋರಿಸಿದ ಕಡೆ ಸಹಿ ಮಾಡಿದರು. ಕಾಗದ ರಾಯಚೂರಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬಂತು. ಅಂದಿನಿಂದ ವಾಚನಾಲಯಕ್ಕೆ ಎರಡು ಆರನೆಯ ನಿಯಮಗಳು, ಊರಿಗೊಂದು, ದಫ್ತರಕ್ಕೊಂದು.

ಆ ಮಧ್ಯಾಹ್ನ ಉಮಾಪತಿ ತನ್ನನ್ನು ಕ್ರಾಂತಿಕಾರಿ ಎಂದುಕೊಂಡ. ಯಾರಿಗೂ ಗೊತ್ತಾಗದ ಕ್ರಾಂತಿಯಾದ್ದರಿಂದ ಅಪಾಯವೂ ಇರಲಿಲ್ಲ. ಮೂರು ವರ್ಷ ಅದನ್ನೇ ನೆನೆದುಕೊಂಡು ಉಂಡ, ಮಲಗಿದ, ಮಾವ ಏನು ಹೇಳಿದರೂ ತಲೆಯಾಡಿಸಿದ. ನಿಮಗೇನು ಗೊತ್ತು, ನಾನು ಎಂಥವನು ಎಂದು ಒಳಗೊಳಗೇ ನಕ್ಕ.

ಎಂಟು ದಿನದ ಹಿಂದೆ ಆ ಸುಖ ಸಾಲದಾಯಿತು.

ಮಾದರ ಓಣಿಯ ದುರುಗಪ್ಪ ದಿನಾ ಮಧ್ಯಾಹ್ನ ಕಟ್ಟೆಯ ಕೆಳಗೆ ಬಂದು ನಿಲ್ಲುತ್ತಿದ್ದ. ಚಪ್ಪಲಿ ಹೊಲಿಯುವವನು, ಬಾವಿಯ ನೀರೆತ್ತುವ ಚರ್ಮದ ಚೀಲ ಹೊಲಿಯುವವನು. ಗದಗಿನ ಗಿರಣಿಯಲ್ಲಿ ಎರಡು ವರ್ಷ ದುಡಿದು, ಅಲ್ಲಿ ಕೂಲಿಗಳಿಗಾಗಿ ಇದ್ದ ಸಾಲೆಯಲ್ಲಿ ಅಕ್ಷರ ಕಲಿತಿದ್ದ. ಇಲ್ಲಿ ಪತ್ರಿಕೆಯನ್ನು ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು ರೂಢಿ. ಓದುವವನು ಪತ್ರಿಕೆಯನ್ನು ಮುಖದ ಮುಂದೆ ಬಿಚ್ಚಿ ಹಿಡಿದಾಗ ಅದರ ಬೆನ್ನು ಬೀದಿಗೆ ಕಾಣುತ್ತದೆ. ದುರುಗಪ್ಪ ಕೆಳಗೆ ನಿಂತು ಕೇಳುತ್ತಿದ್ದಾನೆ ಎಂದು ಎಲ್ಲರೂ ತಿಳಿದಿದ್ದರು. ಅವನು ಆ ಬೆನ್ನನ್ನು ಓದುತ್ತಿದ್ದ. ಉಮಾಪತಿಗೆ ಇದು ಗೊತ್ತಾದದ್ದು, ಅಂದು ತಾನೇ ಓದುತ್ತಿದ್ದಾಗ ಕೆಳಗಿನಿಂದ ಒಂದು ಸಣ್ಣ ದನಿ ಬಂದಾಗ:

“ಹಾಳಿ ತಿರುವಬ್ಯಾಡ್ರಿ. ಇನ್ನಾ ಮುಗದಿಲ್ಲ.”

ಉಳಿದವರು ಬಿದ್ದು ಬಿದ್ದು ನಕ್ಕರು. ಉಮಾಪತಿಯೂ ನಕ್ಕ. ನಕ್ಕದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಸಂಜೆ ಕೆರೆಯ ದಾರಿಯಲ್ಲಿ ದುರುಗಪ್ಪನನ್ನು ನಿಲ್ಲಿಸಿ, ಅತ್ತಿತ್ತ ನೋಡಿ, ಎಲ್ಲ ಹೇಳಿಬಿಟ್ಟ.

“ಸರಕಾರದ ಕಾಗದದಾಗ ನಿನಗ ಹಕ್ಕೈತಿ. ಆರನೇ ನಿಯಮ. ಮುಂದಿನ ಸೋಮವಾರ ರಾಯಚೂರಿಂದ ಸಾಹೇಬ್ರು ತಪಾಸಣಿಗೆ ಬರ್ತಾರ. ಅವತ್ತು ಬಾ. ಅವರ ಮುಂದ ಎಲ್ಲಾರಿಗೂ ಓದಿ ಹೇಳ್ತೀನಿ. ಆಮ್ಯಾಲ ಯಾರೂ ಏನೂ ಅನ್ನಾಂಗಿಲ್ಲ.”

“ಖರೇನ್ರಿ?”

“ನಾನ ಬರದೀನಿ.”

“ಒಂದ ಪುಸ್ತಕ ಕುಂತು ಓದಬೇಕಂತ ಆಸೆ ಐತ್ರಿ,” ಎಂದ ದುರುಗಪ್ಪ. “ನಿಂತು ಓದಿ ಓದಿ ಬ್ಯಾಸರಾಗೈತಿ.”

ಅಂದು ರಾತ್ರಿ ಉಮಾಪತಿಗೆ ಒಳ್ಳೆಯ ನಿದ್ದೆ ಬಂತು. ಮರುದಿನದಿಂದ ಬರಲಿಲ್ಲ.

*

ಇದ್ದಲಿನ ಬಸ್ಸು ಹನ್ನೊಂದಕ್ಕೆ ಬರಬೇಕಾದದ್ದು ಒಂದೂವರೆಗೆ ಬಂತು. ಯುದ್ಧ ಸುರುವಾಗಿ ಪೆಟ್ರೋಲು ಸಿಗದೆ ಇದ್ದಲಿನ ಹೊಗೆಯಿಂದ ಓಡತೊಡಗಿದಾಗಿನಿಂದ ಅದು ಏರಿನಲ್ಲಿ ಕೆಮ್ಮಿ ನಿಲ್ಲುತ್ತಿತ್ತು, ಜನ ಇಳಿದು ದೂಡುತ್ತಿದ್ದರು. ಸಾಹೇಬರ ಶೇರವಾನಿಯ ಮೇಲೆಲ್ಲ ಮಸಿ. ತೆಳ್ಳಗಿನ ಮನುಷ್ಯ, ನೆಗಡಿಯಾಗಿತ್ತು, ಮುಖದಲ್ಲಿ ಯಾವ ದರ್ಪವೂ ಇರಲಿಲ್ಲ. ಉಮಾಪತಿಗೆ ಇದರಿಂದ ನಿರಾಶೆಯಾಯಿತು. ಹೆದರಿಸುವ ಅಧಿಕಾರಿಯಾಗಿದ್ದರೆ ಅವನ ಬೆನ್ನ ಹಿಂದೆ ನಿಂತು ಮಾತಾಡಬಹುದಿತ್ತು.

ಈಶಪ್ಪ ಹೊಸ ರುಮಾಲು ಸುತ್ತಿಕೊಂಡಿದ್ದ. ಹಿರಿಯರು ಜಮಖಾನೆಯ ಮೇಲೆ ಸಾಲಾಗಿ ಕೂತರು. ಸಾಹೇಬರಿಗೆ ಅಂಗಡಿಯ ಕುರ್ಚಿ ಹಾಕಿದ್ದರು. ಕಟ್ಟೆಯ ಕೆಳಗೆ, ಮೆಟ್ಟಿಲಿಗೆ ಒಂದು ಮಾರು ದೂರದಲ್ಲಿ, ಒಗೆದ ಅಂಗಿ ತೊಟ್ಟು ದುರುಗಪ್ಪ ನಿಂತಿದ್ದ. ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದ. ಆ ಬಾಚಿದ ತಲೆಯನ್ನು ನೋಡಿ ಉಮಾಪತಿ ಬೇರೆ ಕಡೆ ಕಣ್ಣು ತಿರುಗಿಸಿದ.

ಸಾಹೇಬರು ಕನ್ನಡಕ ಏರಿಸಿ ಮುದ್ರೆಯಿದ್ದ ನಿಯಮಾವಳಿಯನ್ನು ಓದತೊಡಗಿದರು. ಓದು ಒಂದು ಕಡೆ ನಿಂತಿತು. ಎಲ್ಲಿ ನಿಂತಿತೆಂದು ಉಮಾಪತಿಗೆ ಗೊತ್ತಿತ್ತು.

“ಈ ಆರನೆಯದನ್ನು ನೀವೇ ಬರೆದಿರಾ?” ಸಾಹೇಬರು ಉರ್ದುವಿನಲ್ಲಿ ಕೇಳಿದರು.

“ಹೌದು ಜನಾಬ್.”

“ದೊಡ್ಡ ಊರುಗಳ ವಾಚನಾಲಯಗಳಲ್ಲೂ ಇಷ್ಟು ಬಿಚ್ಚಿ ಬರೆಯುವುದಿಲ್ಲ. ಊರವರು ಒಪ್ಪಿದರೇ?”

“ಒಪ್ಪಿದ್ದಾರೆ ಜನಾಬ್.”

ಈಶಪ್ಪನ ಉರ್ದು ಹತ್ತಿಯ ದರ ಹೇಳಿ ಕೇಳುವಷ್ಟು. ಅದರಾಚೆಗಿನದು ಅವನಿಗೆ ತಿಳಿಯುತ್ತಿರಲಿಲ್ಲ. ಅಳಿಯನ ಕಡೆ ಬಾಗಿ, “ಏನಂದ್ರು?” ಎಂದ.

“ನಿಯಮ ಛಲೋ ಅದಾವಂತ.”

“ಅನ್ನಲಾರದ ಏನು? ಯಾರ ಅಳಿಯ ನೀನು!”

ಹಿರಿಯರು ನಕ್ಕರು. ಸಾಹೇಬರೂ ಅರ್ಥವಾಗದೆ ನಕ್ಕರು. ಆಮೇಲೆ ಮೂಗು ಒರೆಸಿಕೊಂಡು ಹೇಳಿದರು: “ಇಂಥದ್ದು ಎಲ್ಲರಿಗೂ ಗೊತ್ತಿರಬೇಕು. ನಿಮ್ಮ ಭಾಷೆಯಲ್ಲಿ ಒಮ್ಮೆ ಓದಿ ಹೇಳಿ. ಅಲ್ಲಿ ಹೊರಗೆ ನಿಂತವನೂ ಕೇಳಲಿ.”

ಉಮಾಪತಿ ಎದ್ದು ನಿಂತ. ಕಾಗದ ಕೈಯಲ್ಲಿತ್ತು. ಮೊದಲನೆಯದು, ವಾಚನಾಲಯದ ಹೆಸರು. ಎರಡನೆಯದು, ತೆರೆಯುವ ಹೊತ್ತು. ಅವನ ದನಿ ಅವನಿಗೇ ಚೆನ್ನಾಗಿ ಕೇಳಿಸಿತು. ಐದನೆಯದನ್ನು ಮುಗಿಸಿ ತಲೆ ಎತ್ತಿದ. ದುರುಗಪ್ಪ ಬಲಗಾಲನ್ನು ಮೊದಲ ಮೆಟ್ಟಿಲ ಮೇಲೆ ಇಟ್ಟಿದ್ದ. ಬೇರೆ ಯಾರೂ ಅದನ್ನು ನೋಡಿರಲಿಲ್ಲ.

ಈಗ ಹೇಳಿಬಿಡಬೇಕು. ಹೇಳಿದರೆ ಏನಾದೀತು? ಮಾವ ಹೊಡೆಯಲಾರ. ಮನೆಯಿಂದ ಹೊರಗೆ ಹಾಕಲಾರ. ಸುಮ್ಮನೆ ನೋಡುತ್ತಾನೆ. ಆ ನೋಟದ ಎದುರಿಗೆ ನಾಳೆ ತಟ್ಟೆಯ ಮುಂದೆ ಕೂರಬೇಕು, ನಾಡಿದ್ದೂ ಕೂರಬೇಕು. ಮೂರು ವರ್ಷ ಮೋಸ ಮಾಡಿದೆ, ನಮ್ಮ ಸಹಿ ಹಾಕಿಸಿದೆ ಎಂದು ಎಂಟು ಮುಖಗಳು ಒಟ್ಟಿಗೆ ತಿರುಗುತ್ತವೆ. ಉಮಾಪತಿಗೆ ಅಂಜಿಕೆಯಾಯಿತು. ಸಂಯಮ, ಸಮಯಪ್ರಜ್ಞೆ, ಸಂದರ್ಭ ಎಂಬ ಒಳ್ಳೊಳ್ಳೆಯ ಮಾತುಗಳನ್ನು ಹುಡುಕಿದ. ಸಿಗಲಿಲ್ಲ. ಅದು ಬರೀ ಅಂಜಿಕೆಯಾಗಿತ್ತು.

“ಆರನೆಯದು,” ಎಂದ. ಕಣ್ಣು ಉರ್ದು ಸಾಲಿನ ಮೇಲೆಯೇ ಇತ್ತು. “ಅಗಸಿಯ ಹೊರಗಿನ ಓಣಿಗಳವರು ವಾಚನಾಲಯದ ಒಳಗೆ ಬರತಕ್ಕದ್ದಲ್ಲ. ಕಟ್ಟೆಯ ಕೆಳಗೆ ನಿಂತು ಕೇಳಬಹುದು.”

ಹಿರಿಯರು ತಲೆಯಾಡಿಸಿದರು. ಅವರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ.

“ಶಾಬಾಸ್,” ಎಂದರು ಸಾಹೇಬರು, ಮನಸಾರೆ.

ಉಮಾಪತಿ ಏಳನೆಯದನ್ನು ಓದಿದ, ಎಂಟನೆಯದನ್ನು ಓದಿದ, ಹದಿನೇಳರವರೆಗೂ ನಿಲ್ಲದೆ ಓದಿದ. ಮುಗಿಸಿ ನೋಡಿದಾಗ ಮೆಟ್ಟಿಲ ಮೇಲೆ ಕಾಲಿರಲಿಲ್ಲ. ದುರುಗಪ್ಪ ಮೊದಲಿನ ಜಾಗದಲ್ಲೇ ನಿಂತು ಅವನನ್ನು ನೋಡುತ್ತಿದ್ದ. ಸಿಟ್ಟಿರಲಿಲ್ಲ. ಗುರುತಿಲ್ಲದವರನ್ನು ನೋಡುವ ಹಾಗಿತ್ತು.

*

ಸಾಹೇಬರು ಅಭಿಪ್ರಾಯದ ಪುಸ್ತಕದಲ್ಲಿ ಅರ್ಧ ಪುಟ ಹೊಗಳಿ ಬರೆದರು. ಏಳುವಾಗ ಒಂದು ಮಾತು ಹೇಳಿದರು: ಮಂಜೂರಾದ ನಿಯಮಾವಳಿ ಕಪಾಟಿನಲ್ಲಿರಬಾರದು, ಬಾಗಿಲ ಹೊರಗೆ, ಬಂದವರ ಕಣ್ಣಿಗೆ ಬೀಳುವ ಹಾಗೆ ಇರಬೇಕು, ಅದು ಕಾಯಿದೆ. ಉಮಾಪತಿ ಅದನ್ನು ಮಾವನಿಗೆ ತಿಳಿಸಿದ. ಈ ಸಲ ಸರಿಯಾಗಿಯೇ ತಿಳಿಸಿದ.

“ಅದಕ್ಕೇನು, ಈಗ ಬಡದ್ರಾತು,” ಎಂದ ಈಶಪ್ಪ. ಒಂದು ಹಳೆಯ ಹಲಗೆಗೆ ಅಂಟು ಹಚ್ಚಿ ಕಾಗದವನ್ನು ಅಂಟಿಸಿದರು. ಈಶಪ್ಪ ಬೀದಿಗೆ ಕೂಗಿದ. “ದುರುಗ್ಯಾ, ನಿನ್ನ ಹತ್ರ ಮೊಳಿ ಇರ್ತಾವಲ್ಲ. ಬಾ, ಇದನ್ನಿಷ್ಟು ಬಡಿ.”

“ಮ್ಯಾಲ ಹತ್ತಬೇಕಾಕೈತ್ರಿ.”

“ಹತ್ತು. ಕೆಲಸಕ್ಕಲ್ಲೇನು?”

ದುರುಗಪ್ಪ ಮೂರು ಮೆಟ್ಟಿಲು ಹತ್ತಿ ಬಂದ. ಯಾರೂ ಏನೂ ಅನ್ನಲಿಲ್ಲ. ಹಿರಿಯರೆಲ್ಲ ಸಾಹೇಬರ ಹಿಂದೆ ಮುಸಾಫರ ಬಂಗಲೆಯ ಕಡೆ ಹೋದರು. ಈಶಪ್ಪನೂ ಹೋದ. ಕಟ್ಟೆಯ ಮೇಲೆ ಇಬ್ಬರೇ ಉಳಿದರು.

ಉಮಾಪತಿ ಹಲಗೆಯನ್ನು ಗೋಡೆಗೆ ಒತ್ತಿ ಹಿಡಿದ. ದುರುಗಪ್ಪ ಅವನ ಕೈಗೆ ತಾಗದಂತೆ ದೂರ ದೂರ ಮೊಳೆಯಿಟ್ಟು ಬಡಿದ. ಗಾರೆ ಉದುರಿ ಇಬ್ಬರ ತಲೆಯ ಮೇಲೂ ಬಿತ್ತು. ಊರಲ್ಲಿ ಉರ್ದು ಓದಬಲ್ಲವರು ನಾಲ್ಕೈದು ಜನ ಇದ್ದರು. ಅವರು ಈ ಬೀದಿಗೆ ಬರುವುದು ಕಡಿಮೆ, ಬಂದರೂ ಗೋಡೆ ಓದುವವರಲ್ಲ. ಉಮಾಪತಿ ಇದನ್ನು ಲೆಕ್ಕ ಹಾಕುತ್ತಿದ್ದ. ಲೆಕ್ಕ ಹಾಕುತ್ತಿದ್ದೇನೆಂದು ತಿಳಿದು ಅವನಿಗೆ ತನ್ನ ಮೇಲೆ ಹೇಸಿಕೆ ಬಂತು.

“ಆರನೇದು ಯಾವುದ್ರಿ?” ದುರುಗಪ್ಪ ತಿರುಗದೆ ಕೇಳಿದ.

“ಈಗ್ಯಾಕ ಅದು?”

“ಸುಮ್ನ. ಎಲ್ಲೈತಿ ಅಂತ.”

ಬೀದಿ ಬರಿದಾಗಿತ್ತು. ಒಂದು ಬೆರಳು ಎತ್ತಿ ತೋರಿಸಿದರೆ ಸಾಕಾಗಿತ್ತು, ಕೇಳುವವರಿರಲಿಲ್ಲ, ನೋಡುವವರಿರಲಿಲ್ಲ. ನೋಡುವವರಿದ್ದರೆ ಹೆದರಿದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ತೋರಿಸಿದರೆ ಇವನು ನಾಳೆಯೂ ಬರುತ್ತಾನೆ, ನಾಡಿದ್ದೂ ಬರುತ್ತಾನೆ, ಆ ಸಾಲಿನ ಎದುರಿಗೆ ನಿಂತು ತನ್ನನ್ನು ನೋಡುತ್ತಾನೆ. ಉಮಾಪತಿಯ ಕೈ ಹಲಗೆಯ ಅಂಚನ್ನು ಬಿಡಲಿಲ್ಲ.

“ಎಲ್ಲೋ ಕೆಳಗ ಐತಿ,” ಎಂದ.

ದುರುಗಪ್ಪ ಹೂಂ ಎಂದ. ಸುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೇಲಿನಿಂದ ತಾನೇ ಎಣಿಸತೊಡಗಿದ. ನಿಯಮಗಳು ಎಲ್ಲಿ ಸುರುವಾಗುತ್ತವೆ, ಎಲ್ಲಿ ಮುಗಿಯುತ್ತವೆ ಎಂಬುದು ಅವನಿಗೆ ತಿಳಿಯುವಂತಿರಲಿಲ್ಲ. ಸಾಲುಗಳನ್ನು ಎಣಿಸಿದ. ಒಂದು, ಎರಡು, ಮೂರು. ಆರನೆಯ ಸಾಲಿನ ಮೇಲೆ ತೋರುಬೆರಳಿಟ್ಟು, ಕನ್ನಡ ಓದುವ ಹಾಗೆ ಎಡದಿಂದ ಬಲಕ್ಕೆ, ಬಳ್ಳಿಯಂಥ ಒಂದೊಂದು ಅಕ್ಷರದ ಮೇಲೂ ನಿಲ್ಲುತ್ತ, ಸಾವಕಾಶ ಸರಿಸಿದ. ತುಟಿಗಳು ಅಲುಗುತ್ತಿದ್ದವು. ಕಾಗದದಿಂದ ಒಸರಿದ ಹಸಿ ಅಂಟಿಗೆ ಬೆರಳು ಹತ್ತಿ ಹತ್ತಿ ಬಿಡುತ್ತಿತ್ತು.

ಅದು ಮೂರನೆಯ ನಿಯಮದ ಕೊನೆಯ ಸಾಲು. ಪಾದರಕ್ಷೆಗಳು ಹೊರಗೇ ಇರತಕ್ಕದ್ದು ಎಂದು ಉಮಾಪತಿಯೇ ದುಂಡಗೆ ಬರೆದಿದ್ದ. ಸಾಲು ಮುಗಿದಲ್ಲಿಗೆ ಬಂದ ಬೆರಳು ಮತ್ತೆ ಹಿಂದಕ್ಕೆ ಹೋಗಿ ಮೊದಲಿನಿಂದ ಸುರುಮಾಡಿತು.